ಫಿನ್ನಿಶ್‌ಗೆ ಹೋದ ಪಿಂಗಾಣಿ ಕಪ್ಪು

ಅಡಿಗೆಮನೆಯ ಮೇಜಿಗೆ ಮೂರು ಕುರ್ಚಿ. ಕಿಟಕಿಯ ಕಡೆ ಕೈಸಾ, ಫಿನ್‌ಲ್ಯಾಂಡಿನವಳು, ಲ್ಯಾಪ್‌ಟಾಪಿನ ಹಿಂದೆ ಅರ್ಧ ಮುಖ ಮಾತ್ರ ಕಾಣುವಂತೆ ಕೂತವಳು. ಅವಳ ಎದುರಿಗೆ ನಸೀಮಾ, ತಲೆಗೆ ಎಣ್ಣೆ ತಿಕ್ಕಿಕೊಳ್ಳುತ್ತ. ಒಲೆಯ ಪಕ್ಕದ ಕುರ್ಚಿಯಲ್ಲಿ ನಾನು, ಒಂದು ಕಣ್ಣು ಕುಕ್ಕರಿನ ಮೇಲೆ, ಇನ್ನೊಂದು ಕಣ್ಣು ಅವರಿಬ್ಬರ ಮೇಲೆ. ಮೂವರ ಮೈಯಿಂದಲೂ ಉಳ್ಳಾಗಡ್ಡಿ ವಾಸನೆ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗದ ವಾಸನೆ ಅದು. ಸಿಪ್ಪೆಯ ಧೂಳು ಉಗುರಿನ ಸಂದಿಯಲ್ಲಿ, ಹುಬ್ಬಿನಲ್ಲಿ, ತಲೆದಿಂಬಿನಲ್ಲಿ.

ಮೊನ್ನೆ ಆಕ್ಲೆಂಡಿನಿಂದ ವಾಪಸ್ ಬರುವಾಗ ಹೆದ್ದಾರಿಯಲ್ಲಿ ಏನೋ ರಿಪೇರಿ ನಡೆದಿತ್ತು, ನಾವು ಮೂವರೂ ಒಂದು ಬೇಸಿಗೆ ಕಳೆದ ಪುಕೆಕೊಹೆ ಊರಿನ ಮೇಲೆ ಹಾಯ್ದು ಬರಬೇಕಾಯಿತು. ಕಾರಿನ ಗಾಜು ಇಳಿಸಿದ್ದೇ ತಡ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಕೆಂಪು ಮಣ್ಣಿನ ಮೇಲೆ ಕಿತ್ತು ಸಾಲಾಗಿ ಒಣಗಲು ಬಿಟ್ಟ ಉಳ್ಳಾಗಡ್ಡಿ, ಗುಡ್ಡದ ತನಕ. ಕಾರು ಬದಿಗೆ ಹಾಕಿದೆ. ನನಗೆ ನೆನಪಾದದ್ದು ಹೊಲವಲ್ಲ, ಕೆಲಸವಲ್ಲ. ಆ ಬೇಸಿಗೆ ಪೂರ್ತಿ ನಾನು ಪಟ್ಟ ಹೊಟ್ಟೆಕಿಚ್ಚು.

ಎರಡು ಸಾವಿರದ ಹದಿಮೂರು-ಹದಿನಾಲ್ಕರ ಸುಮಾರು ಇರಬೇಕು. ನಾನೂ ನಸೀಮಾನೂ ಆಕ್ಲೆಂಡಿನ ಮನುಕಾವ್‌ನಲ್ಲಿ ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕುವ ವೀಸಾ ಕೈಯಲ್ಲಿ ಹಿಡಿದುಕೊಂಡು, ಓದಿಗೆ ತಕ್ಕ ಕೆಲಸ ಸಿಗುವ ತನಕ ಉಳ್ಳಾಗಡ್ಡಿ ಪ್ಯಾಕ್ ಮಾಡುವ ಶೆಡ್ಡಿಗೆ ಸೇರಿದ್ದೆವು. ಸುಗ್ಗಿ ಮುಗಿದ ಮೇಲೆ ಇಬ್ಬರೂ ಹ್ಯಾಮಿಲ್ಟನ್ನಿಗೆ ಹೋಗಿ ಒಂದೇ ಮನೆ ಹಿಡಿಯುವುದು ಅಂತ ಮೊದಲೇ ಮಾತಾಗಿತ್ತು. ಮಾತು ಅಂದರೆ, ನಾನು ಹೇಳಿದ್ದೆ, ಅವಳು "ಆಗಲಿ ಸುನೀ" ಅಂದಿದ್ದಳು. ಅವಳು ನನ್ನ ಯಾವ ಮಾತಿಗೂ ಇಲ್ಲ ಅಂದವಳೇ ಅಲ್ಲ.

ಧಾರವಾಡದಲ್ಲಿ ನಮ್ಮದು ಅವರದು ಹಿಂದಿನ-ಮುಂದಿನ ಓಣಿ. ನನ್ನನ್ನು ಬೆಳೆಸಿದವಳು ನಮ್ಮಜ್ಜಿ. ನಾನು ನಾಲ್ಕು ಮಾತು ನೆಟ್ಟಗೆ ಆಡುತ್ತೇನೆ ಅಂದರೆ ಅದು ಅವಳ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಕಲಿತದ್ದು. ಶಾಲೆ ಬಿಟ್ಟ ಮೇಲೆ ನಸೀಮಾ ದಿನಾ ನಮ್ಮ ಪಡಸಾಲೆಗೆ ಬರುತ್ತಿದ್ದಳು. ಅಜ್ಜಿಯ ಕಥೆ ಕೇಳಿ ಕೇಳಿ ಅವಳೂ ಅಜ್ಜಿಯಂತೆಯೇ ಕೈ ತಿರುವುವುದನ್ನು ಕಲಿತಳು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ದಿನವೂ ಜಗಳ ಆಡಿಲ್ಲ ಅಂತ ನಾನು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಶೆಡ್ಡಿಗೆ ಸೇರಿದ ಮೇಲೆ ನಾವಿಬ್ಬರೂ ಹಿಡಿದಿದ್ದ ಬಾಡಿಗೆ ಮನೆಯ ಮೂರನೇ ಕೋಣೆಗೆ ಕೈಸಾ ಬಂದಳು. ಹಳೆಯ ಸ್ಟೇಷನ್ ವ್ಯಾಗನ್ನಿನ ತುಂಬ ಪುಸ್ತಕ, ಎರಡು ಜೊತೆ ಗಮ್‌ಬೂಟು. ಹಗಲು ನಮ್ಮ ಜೊತೆಯೇ ಶೆಡ್ಡಿನಲ್ಲಿ ಗಡ್ಡೆ ಸಾಗಿ ಬರುವ ಬೆಲ್ಟಿನ ಮುಂದೆ ನಿಂತು ಕೊಳೆತ ಗಡ್ಡೆ ಆರಿಸುವುದು, ಸಂಜೆ ಬಂದು ಒಂದು ಇಂಗ್ಲಿಷ್ ಪುಸ್ತಕವನ್ನು ಫಿನ್ನಿಶ್‌ಗೆ ತರುವುದು. ಅವಳ ಊರಿನ ಸಣ್ಣ ಪ್ರಕಾಶಕರೊಬ್ಬರು ಒಪ್ಪಿಸಿದ ಕೆಲಸ. ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನದ ಒಬ್ಬ ಅಜ್ಜಿ ಬರೆದ ತನ್ನ ಬಾಲ್ಯದ ಕಥೆ: ಹೆಸರು ಹೇಳದ ಒಂದು ಊರು, ಅಲ್ಲೊಂದು ಟಾಕೀಸು, ಟಾಕೀಸಿನಲ್ಲಿ ಅವರ ಮಂದಿ ಕೂಡಲು ಬೇರೆ ಸಾಲು. ಕಾಗದದ ಮೇಲೆ ಎಲ್ಲರಂತೆ ಪ್ರಜೆ, ಕೂಡುವ ಹೊತ್ತಿಗೆ ಬೇರೆ. ಅಂಥ ಮಾತುಗಳು ಪುಸ್ತಕದ ತುಂಬ. ಕೈಸಾಗೆ ತ್ರಾಸಾಗುತ್ತಿದ್ದದ್ದು ಅವೇ.

ಅವಳ ಕೆಲಸದ ರೀತಿಯೇ ವಿಚಿತ್ರ. ಡಿಕ್ಷನರಿಯ ಕಡೆ ಕೈ ಹೋಗುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಮೊದಲು ನಮ್ಮನ್ನು ಕೇಳುವಳು: "ಈ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದ ಬರುತ್ತದೆ? ಕೂತು ಹೇಳುತ್ತಾರೋ, ನಿಂತೋ? ಹೇಳುವಾಗ ಕೈಯಲ್ಲಿ ಏನಿರುತ್ತದೆ?" ಬಾಯಿ ಸಿಕ್ಕರೆ ಮಾತು ತಾನಾಗಿ ಸಿಗುತ್ತದೆ ಅಂತ ಅವಳ ನಂಬಿಕೆ. (ಮೂವರೂ ಆಡುತ್ತಿದ್ದದ್ದು ಇಂಗ್ಲಿಷೇ. ನನಗೆ ಮಾತ್ರ ಎಲ್ಲವೂ ಕನ್ನಡದಲ್ಲೇ ನೆನಪಿದೆ, ಏನು ಮಾಡಲಿ.)

ಒಂದು ಸಂಜೆ 'ಸೆಕೆಂಡ್ ಕ್ಲಾಸ್ ಸಿಟಿಜನ್' ಬಂತು.

"ಇದು ಸುಲಭ," ಅಂದಳು ಕೈಸಾ. "ತೊಯ್ಸೆನ್ ಲುವೊಕನ್ ಕನ್ಸಲಾಯ್ನೆನ್. ಎರಡನೇ ದರ್ಜೆಯ ಪ್ರಜೆ. ನಮ್ಮಲ್ಲೂ ಹಾಗೇ ಇದೆ. ಪೇಪರಿನವರು ದಿನಾ ಬರೆಯುತ್ತಾರೆ. ಅದಕ್ಕೇ ಯಾರಿಗೂ ಚುಚ್ಚುವುದಿಲ್ಲ."

"ಸೆಕೆಂಡ್ ಕ್ಲಾಸ್ ಅಂದ್ರ ನಮಗೂ ಚುಚ್ಚೂದಿಲ್ಲ," ಅಂದಳು ನಸೀಮಾ. "ರೈಲಿನ ಡಬ್ಬಿ ನೆನಪಾಗತೈತಿ. ಕಿಟಕಿ ಸೀಟು, ಚುಮ್ಮರಿ ಮಾರಾಂವ ಬರತಾನ. ಛಲೋ ಇರತೈತಿ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಾನೂ ಏನಾದರೂ ಹೇಳಬೇಕಲ್ಲ. ಸಂವಿಧಾನ, ಸಮಾನತೆ, ಬಾಬಾಸಾಹೇಬರು ಅಂತ ಹೈಸ್ಕೂಲಿನ ಭಾಷಣ ಸ್ಪರ್ಧೆಯ ಧಾಟಿಯಲ್ಲಿ ಶುರು ಮಾಡಿದೆ. ಕೈಸಾ ಮರ್ಯಾದೆಯಿಂದ ಕೇಳಿದಳು. "ಥ್ಯಾಂಕ್ಯೂ ಸುನಂದಾ," ಅಂದಳು. ಆಮೇಲೆ ನಸೀಮಾಳ ಕಡೆ ತಿರುಗಿ, "ನೀನು ಹೇಳು," ಅಂದಳು.

ನಸೀಮಾ ಹೇಳಿದಳು. ಬೆಂಗಳೂರಿನಲ್ಲಿ ಇಂಗ್ಲಿಷ್ ಪರೀಕ್ಷೆಯ ಕೋಚಿಂಗಿಗೆ ಹೋದಾಗ ಕೋಣೆ ಹುಡುಕಿದ್ದು. ಮನೆಯಾಕೆ ಬಹಳ ಪ್ರೀತಿಯಿಂದ ಮಾತಾಡಿದಳಂತೆ, ಕೂಡಿಸಿದಳಂತೆ, ಊರು ಕೇಳಿದಳಂತೆ. ಹೆಸರು ಕೇಳಿದ ಮೇಲೆ ಅವಳ ಮೈದುನ ಅದೇ ವಾರ ದುಬೈಯಿಂದ ಬರುವವನಾದನಂತೆ. "ಮೂರು ಮನಿ ನೋಡಿದ್ನಿ. ಮೂರಕ್ಕೂ ದುಬೈಯಿಂದ ಮೈದುನ ಬಂದ. ಇಡೀ ದುಬೈ ಖಾಲಿ ಆತು ನನ್ನ ಸಲುವಾಗಿ!"

ಕೈಸಾ ನಗುತ್ತ ನಗುತ್ತ ಟೈಪ್ ಮಾಡಿದಳು. ನನಗೆ ನಗು ಬರಲಿಲ್ಲ. ಆ ಕೋಣೆಗಳ ಬಗ್ಗೆ ನನಗೆ ಅವಳು ಹೇಳಿದ್ದು ಬೇರೆ. "ಮನಿ ಸರಿ ಇರಲಿಲ್ಲ ಸುನೀ, ನೀರಿನ ತ್ರಾಸು," ಅಂದಿದ್ದಳು. ನಾನು ನಂಬಿ, ಬೆಂಗಳೂರಿನ ನೀರನ್ನು ಇಷ್ಟು ವರ್ಷ ಬೈದಿದ್ದೆ.

ಅವತ್ತಿನಿಂದ ಹತ್ತಿಕೊಂಡಿತು ನೋಡಿ ಹೊಟ್ಟೆಯೊಳಗೆ. ನಾನು ಲೆಕ್ಕ ಇಡಲು ಶುರು ಮಾಡಿದೆ: ಯಾರು ಯಾರಿಗೆ ಮೊದಲು ಗುಡ್ ಮಾರ್ನಿಂಗ್ ಅಂದರು, ಬೆಲ್ಟಿನ ಮುಂದೆ ನಸೀಮಾ ಯಾರ ಪಕ್ಕ ನಿಂತಳು. ಆ ವರ್ಷ ಹವೆಯೂ ನನ್ನಂತೆಯೇ ಇತ್ತು. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಹೇಳದೆ ಕೇಳದೆ ಒಂದು ಜಡಿ ಮಳೆ, ಹೊಲದಲ್ಲಿ ಒಣಗಲು ಬಿಟ್ಟ ಗಡ್ಡೆ ಮತ್ತೆ ಹಸಿ. ಶೆಡ್ಡಿನಲ್ಲಿ ಎಲ್ಲರ ಮುಖವೂ ಗಂಟು.

ಶೆಡ್ಡಿನಲ್ಲಿ ಚಹಾದ ಬಿಡುವಿಗೆ ಸ್ಮೋಕೋ ಅನ್ನುತ್ತಾರೆ. ಕಾಯಂ ಕೆಲಸದವರು ಕಿಟಕಿಯ ಪಕ್ಕದ ಮೇಜಿಗೆ, ಸುಗ್ಗಿಗೆ ಬಂದ ನಾವು ಬಾಗಿಲ ಹತ್ತಿರದ ಮೇಜಿಗೆ. ಹೀಗೇ ಕೂಡಿ ಅಂತ ಯಾರೂ ಹೇಳಿರಲಿಲ್ಲ. ಕೈಸಾ ಬಂದ ಮೊದಲ ವಾರದಲ್ಲೇ ಕಿಟಕಿಯ ಮೇಜಿನವರು ಅವಳನ್ನು ಕರೆದು ಕೂಡಿಸಿಕೊಂಡರು, ರಜೆಗೆ ತಮ್ಮ ಸಮುದ್ರದ ದಂಡೆಯ ಮನೆಗೆ ಬಾ ಅಂದರು. ಅವಳೂ ನಮ್ಮಂತೆಯೇ ಹಂಗಾಮಿಗೆ ಬಂದವಳು. ಅವಳು ಚಹಾ ಹಿಡಿದುಕೊಂಡು ಎದ್ದು ಬಂದು ನಸೀಮಾಳ ಪಕ್ಕ ಕೂತಳು. ನಿಜ ಹೇಳಬೇಕೆಂದರೆ ಒಳ್ಳೆಯ ಹುಡುಗಿ. ಆದರೆ ಹೊಟ್ಟೆಕಿಚ್ಚಿಗೆ ಒಳ್ಳೆಯವರು ಕೆಟ್ಟವರು ಅಂತ ಇದೆಯೇ? ಅವಳು ಕಿಟಕಿ ಬಿಟ್ಟು ಬಂದದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಅಲ್ಲೇ ಇರಬಾರದಿತ್ತೆ, ಪುಣ್ಯಾತಗಿತ್ತಿ!

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಬೇರೆಯದಕ್ಕೆ. ನಸೀಮಾ ಕೈಸಾಳನ್ನು ಬೈಯುತ್ತಿದ್ದಳು. ಬಾಯಿ ಬಿಚ್ಚಿ, ಮುಖಕ್ಕೆ ಮುಖ ಕೊಟ್ಟು. "ಏ ಕೈಸಾ! ಮಣ್ಣು ಬೂಟು ಕಾರ್ಪೆಟ್ ಮ್ಯಾಲೆ ಯಾಕ ತಂದಿ? ನಿಮ್ಮ ದೇಶದಾಗ ಕಸಬರಗಿ ಕಂಡಿಲ್ಲೇನು?" ಇದರಲ್ಲಿ ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕೈಸಾ ತಿರುಗಿ ಫಿನ್ನಿಶ್‌ನಲ್ಲಿ ಬೈಯುವಳು. ಅರ್ಧ ತಾಸಿನ ಮೇಲೆ ಇಬ್ಬರೂ ಒಂದೇ ಬೌಲಿನಿಂದ ದ್ರಾಕ್ಷಿ ತಿನ್ನುವರು. ನನಗೆ? ನನ್ನ ಬೂಟನ್ನು ಅವಳೇ ಎತ್ತಿ ಹೊರಗಿಡುತ್ತಿದ್ದಳು, ಒಂದು ಮಾತಿಲ್ಲದೆ. ನಾನು ಒಂದು ಸಲ ಬೇಕಂತಲೇ ಹಾಲು ಚೆಲ್ಲಿ ಹಾಗೇ ಬಿಟ್ಟು ಹೋದೆ. ಬಂದು ನೋಡಿದರೆ ಒರೆಸಿದೆ. "ಇರಲಿ ಬಿಡು ಸುನೀ," ಅಂದಳು.

ಫೆಬ್ರವರಿಯ ಕೊನೆ ಇರಬೇಕು, ಸಂಜೆ ಊಟಕ್ಕೆ ಮುಂಚೆ ಆ ಅಧ್ಯಾಯ ಬಂತು. ಟಾಕೀಸಿನ ಮ್ಯಾನೇಜರು ಹುಡುಗಿಯ ಅಪ್ಪನಿಗೆ ನಗುನಗುತ್ತ ಹೇಳುತ್ತಾನೆ: ನಿಮಗೆ ನಿಮ್ಮದೇ ಸೀಟುಗಳಿವೆ, ಅದೇ ಸಿನಿಮಾ, ಅದೇ ಟಿಕೀಟು, ಸೆಪರೇಟ್ ಬಟ್ ಈಕ್ವಲ್.

"ಬೇರೆ, ಆದರೆ ಸಮಾನ," ಅಂತ ಕೈಸಾ ತಲೆ ಕೆರೆದುಕೊಂಡಳು. "ಫಿನ್ನಿಶ್‌ನಲ್ಲಿ ಹೀಗೆ ಬರೆದರೆ ಸರ್ಕಾರಿ ಆದೇಶದಂತೆ ಇರುತ್ತದೆ. ನೀಟಾಗಿ, ಸ್ವಚ್ಛವಾಗಿ. ಓದುವವರು ಹೌದಲ್ಲ, ಸರಿಯಾಗಿದೆ ಅಂದುಬಿಟ್ಟಾರು. ಅವನು ನಗುತ್ತಿದ್ದಾನೆ ನೋಡಿ. ನಗುತ್ತ ಇದನ್ನು ಹೇಳುವ ಬಾಯಿ ನನಗೆ ಬೇಕು."

ನಸೀಮಾ ಬಾಯಿ ತೆರೆಯುವುದರೊಳಗೆ ನಾನು ತೆರೆದೆ. ಈ ಸಲ ಭಾಷಣ ಬೇಡ, ಕಥೆಯನ್ನೇ ಹೇಳಿ ಕೈಸಾಳನ್ನೂ ನಗಿಸಬೇಕು, ನಸೀಮಾ ನನಗೆ ಎಷ್ಟು ಹಳಬಳು ಅಂತ ತೋರಿಸಲೂಬೇಕು ಅಂತ ಹಟ. "ಬೇರೆ ಅನ್ನೋದರ ಕಥಿ ನನ್ನ ಹತ್ರ ಅದ, ಕೇಳ್ರಿ ಇಬ್ರೂ," ಅಂದು ಕುರ್ಚಿ ಎಳೆದುಕೊಂಡೆ.

ನಮ್ಮಜ್ಜಿಯ ಮನೆಯಲ್ಲಿ ಎಲ್ಲರಿಗೂ ಸ್ಟೀಲಿನ ಲೋಟ. ಅಂಚು ಸೊಟ್ಟಗಾದವು, ಚಹಾ ಹಾಕಿದರೆ ತುಟಿಯೂ ಕೈಯೂ ಸುಡುವಂಥವು. ನಸೀಮಾಗೆ ಮಾತ್ರ ಪಿಂಗಾಣಿ ಕಪ್ಪು-ಬಸಿ. ಅಂಚಿಗೆ ಬಂಗಾರದ ಗೆರೆ, ಮೈಮೇಲೆ ಗುಲಾಬಿ. "ಇದು ನಸೀಮಾಗಂತನಽ ಇಟ್ಟೇನವಾ," ಅನ್ನುವಳು ಅಜ್ಜಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳಂತೆ. ನನಗೆ ಅದನ್ನು ಕಂಡರೆ ಪ್ರಾಣ ಹೋಗುತ್ತಿತ್ತು. ಮೊಮ್ಮಗಳು ನಾನೋ ಅವಳೋ? ಒಂದು ದಿನ ಯಾರೂ ಇಲ್ಲದಾಗ ಆ ಕಪ್ಪಿನಲ್ಲಿ ನೀರು ಕುಡಿದುಬಿಟ್ಟೆ. ಅಜ್ಜಿ ಕಂಡಳು. ಬೆನ್ನಿಗೆ ಒಂದು ಗುದ್ದು. ಕೈಕಾಲು ತೊಳೆಸಿ, ಬಾಯಿ ಮುಕ್ಕಳಿಸಲು ಹಚ್ಚಿ, ಲಂಗ ಬದಲಿಸಿದ ಮೇಲೆಯೇ ಒಳಗೆ ಬಿಟ್ಟಳು. "ನೋಡು ಕೈಸಾ, ಒಂದು ಕಪ್ಪಿನ ಸಲುವಾಗಿ! ಅಷ್ಟು ಜೀವ ನಮ್ಮಜ್ಜಿಗೆ ಈ ನಸೀಮಾ ಅಂದ್ರ!"

ನನ್ನ ಕಥೆಗೆ ನಾನೇ ನಕ್ಕೆ. ಕೈಸಾ ನಗಲಿಲ್ಲ. ಅವಳು ನಸೀಮಾಳನ್ನು ನೋಡುತ್ತಿದ್ದಳು.

ನಸೀಮಾ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ, ಇಂಗ್ಲಿಷಿನಲ್ಲಿ, ಕೈಸಾಗೆ ಹೇಳಿದಳು: "ಆ ಕಪ್ಪು ಎಲ್ಲಿ ಇರುತ್ತಿತ್ತು ಅಂತ ಇವಳನ್ನ ಕೇಳು."

"ಪಡಸಾಲಿ ಕಿಟಕಿ ಕಟ್ಟಿ ಮ್ಯಾಲೆ," ಅಂದೆ, ಕೈಸಾ ಕೇಳುವ ಮುಂಚೆಯೇ.

"ಉಳಿದ ಲೋಟಗಳು?" ಅಂದಳು ಕೈಸಾ.

"ಅಡಿಗೀಮನ್ಯಾಗ."

"ಕಪ್ಪನ್ನು ತೊಳೆಯುತ್ತಿದ್ದವರು ಯಾರು ಅಂತ ಕೇಳು, ಕೈಸಾ."

ಹಿತ್ತಿಲ ನಳದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಕಪ್ಪು ತಿರುಗಿಸಿ ತಿರುಗಿಸಿ ತೊಳೆಯುವ ಹುಡುಗಿ ನನ್ನ ಕಣ್ಣ ಮುಂದೆ ಬಂದಳು. ಅವಳಿಗೆ ನೀರಾಟ ಇಷ್ಟ ಅಂದುಕೊಂಡಿದ್ದೆ. ಅದಕ್ಕೂ ಅಸೂಯೆ ಪಟ್ಟಿದ್ದೆ, ನನ್ನನ್ನು ನಳದ ಹತ್ತಿರ ಬಿಡುತ್ತಿರಲಿಲ್ಲವಲ್ಲ ಅಂತ. ಕುಕ್ಕರು ಕೂಗಿತು, ಯಾರೂ ಏಳಲಿಲ್ಲ.

"ನನಗ್ಯಾಕ ಹೇಳಲಿಲ್ಲ ಇಷ್ಟು ವರ್ಷ?" ಅಂದೆ ಕನ್ನಡದಲ್ಲಿ.

"ಏನಂತ ಹೇಳಲಿ?"

"ಆಕಿಗೆ ಹೇಳ್ತೀಯಲ್ಲ! ನಿನ್ನೆ ಮೊನ್ನೆ ಬಂದಾಕಿಗೆ ದುಬೈ ಮೈದುನನ ಕಥಿ, ನನಗ ನೀರಿನ ತ್ರಾಸು! ನನ್ನ ಏನಂತ ಅಂದ್ಕೊಂಡಿ?"

"ಸುನೀ, ಕೈಸಾಗ ಹೇಳಿದ್ರ ಆಕಿ ಕೇಳತಾಳ, ಬರಕೋತಾಳ, ಮುಗೀತು. ನಿನಗ ಹೇಳಿದ್ರ ನೀ ಅಳತಿ. ಆಮ್ಯಾಲೆ ನಿನ್ನ ಸಮಾಧಾನ ಯಾರು ಮಾಡಬೇಕು? ನಾನಽ. ಈಗ ನೋಡು, ಶುರು ಮಾಡಿದಿ."

ಹೌದು, ಶುರು ಮಾಡಿದ್ದೆ. ತೋಳಿಂದ ಮುಖ ಒರೆಸಿಕೊಂಡರೆ ಉಳ್ಳಾಗಡ್ಡಿ ಧೂಳು ಕಣ್ಣಿಗೆ ಹೋಗಿ ಇನ್ನೂ ಜೋರಾಯಿತು.

"ನಮ್ಮಜ್ಜಿಗೆ ನಿನ್ನ ಮ್ಯಾಲೆ ಪ್ರೀತಿ ಇತ್ತು ನಸೀಮಾ."

"ಇತ್ತು," ಅಂದಳು ಅವಳು ತಕ್ಷಣ. "ಇರಲಿಲ್ಲ ಅಂದವರು ಯಾರು? ನನ್ನ ಬಾಯಾಗಿರೋ ಕನ್ನಡ ಆಕೀದಽ. ಪ್ರೀತಿ ಇರದಿದ್ರ ಎಷ್ಟು ಹಗರ ಇತ್ತು ಗೊತ್ತೇನು? ಆ ಓಣಿಗೆ ಕಾಲ ಇಡತಿರಲಿಲ್ಲ ನಾನು." ಎದ್ದು ಹೋಗಿ ಕುಕ್ಕರಿನ ಉರಿ ಆರಿಸಿದಳು. "ಉಣ್ಣೂಣು ಬಾ. ಅನ್ನ ಸೀದು ಹೋಗೈತಿ."

ನಮ್ಮ ಕನ್ನಡ ಕೈಸಾಗೆ ತಿಳಿಯುತ್ತಿರಲಿಲ್ಲ. ತಿಳಿದವಳಂತೆ ಲ್ಯಾಪ್‌ಟಾಪು ಮುಚ್ಚಿ ಮೂರು ತಾಟು ಇಟ್ಟಳು.

ಮರುದಿನ ಸ್ಮೋಕೋದಲ್ಲಿ ಅವಳು ನಸೀಮಾಳ ಹತ್ತಿರ ಬಂದು ಕೇಳಿದಳು: ಸುನಂದಾಳ ಅಜ್ಜಿಯ 'ನಿನಗೇ ಅಂತ ಇಟ್ಟಿದ್ದೇನೆ' ಅನ್ನುವ ಮಾತನ್ನು ಮ್ಯಾನೇಜರನ ಬಾಯಿಗೆ ಹಾಕಲೇ? ನೋಡಿ, ಕಥೆ ಹೇಳಿದವಳು ನಾನು, ಅಜ್ಜಿ ನನ್ನವಳು, ಅನುಮತಿ ಕೇಳಿದ್ದು ಮಾತ್ರ ಅವಳನ್ನು! ಅಳು ಆರುವ ಮುಂಚೆಯೇ ಹೊಟ್ಟೆಕಿಚ್ಚು ಮತ್ತೆ ಎದ್ದು ಕೂತಿತು. ಆದರೆ ಆ ಕಪ್ಪು ಯಾರದು ಅನ್ನುವುದರಲ್ಲಿ ಈಗ ಅನುಮಾನ ಇರಲಿಲ್ಲ.

"ಹಾಕು," ಅಂದಳು ನಸೀಮಾ. "ಆದರ ದನಿ ಕೆಟ್ಟದು ಮಾಡಬ್ಯಾಡ. ಸಿಹಿ ಇರಬೇಕು."

ಸಂಜೆ ಕೈಸಾ ಓದಿದಳು. "ತೆಯ್ಲೆ ಒನ್ ವರತ್ತು ಇಹನ್ ಒಮತ್ ಪಾಯ್ಕತ್." ನಿಮಗೇ ಅಂತ, ನಿಮ್ಮದೇ ಆದ ಜಾಗ ತೆಗೆದಿಟ್ಟಿದ್ದೇವೆ. ಬೇರೆ ಅನ್ನುವ ಮಾತೂ ಇಲ್ಲ, ಸಮಾನ ಅನ್ನುವ ಮಾತೂ ಇಲ್ಲ. ಅವರ ಊರಿನಲ್ಲಿ ಮದುವೆಯ ಊಟಕ್ಕೆ ಬಂದ ಮಕ್ಕಳಿಗೆ ದೊಡ್ಡವರು ಹೀಗೆ ಹೇಳಿ ಮೂಲೆಯ ಮೇಜಿಗೆ ಕಳಿಸುತ್ತಾರಂತೆ. ಮಕ್ಕಳು ಖುಷಿಯಿಂದ ಹೋಗುತ್ತಾರಂತೆ. ಓದುವವರಿಗೆ ಮೊದಲು ಹಿತವಾಗುತ್ತದೆ, ಹೇಳುತ್ತಿರುವುದು ದೊಡ್ಡ ಮನುಷ್ಯನೊಬ್ಬನಿಗೆ, ಅವನ ಮಕ್ಕಳ ಎದುರಿಗೆ ಅನ್ನುವುದು ಆಮೇಲೆ ಹೊಳೆಯುತ್ತದೆ ಅಂದಳು.

"ಇನ್ನೊಮ್ಮೆ ಓದು," ಅಂದಳು ನಸೀಮಾ. ಕಣ್ಣು ಮುಚ್ಚಿ ಕೇಳಿದಳು. "ಹೂಂ. ಇದಽ ದನಿ."

ನನಗೂ ಕೇಳಿಸಿತು. ಒಂದಕ್ಷರ ತಿಳಿಯದ ಭಾಷೆಯಲ್ಲಿ ನಮ್ಮಜ್ಜಿ ಪಡಸಾಲೆಗೆ ಬಂದು ನಿಂತಂತಾಯಿತು. ಈಗಲೂ ಅವಳ ದನಿ ನನಗೆ ಇಷ್ಟವೇ. ಅದನ್ನು ನಾನು ಏನು ಮಾಡಲಿ ಅಂತ ತಿಳಿಯದು.

ಮಾರ್ಚಿನಲ್ಲಿ ಗಡ್ಡೆಯೆಲ್ಲ ಒಳಗೆ ಬಂದು ಶೆಡ್ಡಿನ ಕೆಲಸ ಇಳಿಯಿತು. ನನಗೆ ಹ್ಯಾಮಿಲ್ಟನ್ನಿನಲ್ಲಿ ಹಾಲು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ರೊಟೊಟೂನ ಬಡಾವಣೆಯಲ್ಲಿ ಮೈಸೂರಿನ ದಂಪತಿ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡುವವರಿದ್ದರು. ಫೋಟೋ ತೋರಿಸಿ, "ನಿನ್ನ ಕೋಣಿಗೆ ಮುಂಜಾನಿ ಬಿಸಿಲು ಬರ್ತದ ನೋಡು," ಅಂದೆ ನಸೀಮಾಗೆ.

"ನಾ ಈಗ ಬರೂದಿಲ್ಲ ಸುನೀ," ಅಂದಳು.

ಮೊದಲ ಸಲ ಇಲ್ಲ ಅಂದಳು. ಕೈಸಾಳ ಜೊತೆ ನೆಲ್ಸನ್ನಿಗೆ ಸೇಬು ಕೀಳಲು ಹೋಗುತ್ತೇನೆ, ಆಮೇಲಿನದು ಆಮೇಲೆ ಅಂದಳು. "ನೀನೂ ಬಾರಲಾ," ಅಂದಳು. ಬೀಗರನ್ನು ಇನ್ನೆರಡು ದಿನ ಇರಿ ಅಂದ ಹಾಗೆ.

"ನನಗ ಕೆಲಸ ಅದ," ಅಂದೆ.

ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದೆ ಇಬ್ಬರ ಗಂಟು ಹಾಕಲು ನಾನೇ ಕೈ ಕೊಟ್ಟೆ. ಹೊರಡುವಾಗಲೂ ನಸೀಮಾ ಕೈಸಾಳನ್ನು ಬೈಯುತ್ತಿದ್ದಳು, ನಕ್ಷೆ ಸೀಟಿನ ಕೆಳಗೆ ಯಾಕೆ ತುರುಕಿದೆ ಅಂತ. ಬೈಗುಳ ಕೇಳುತ್ತ ಕೇಳುತ್ತಲೇ ಗಾಡಿ ತಿರುವಿನಲ್ಲಿ ಮರೆಯಾಯಿತು. ನಾನು ಒಳಗೆ ಬಂದು ಖಾಲಿ ಮನೆಯನ್ನು ಗುಡಿಸಿದೆ.

ರೊಟೊಟೂನದ ಆ ಚಳಿಗಾಲದಲ್ಲಿ (ಇಲ್ಲಿ ಚಳಿ ಶುರುವಾಗುವುದು ಜೂನಿನಲ್ಲಿ) ಎರಡನೇ ಕೋಣೆಗೆ ಕೇಳಿದವರಿಗೆಲ್ಲ ನಾನು ಏನೇನೋ ನೆಪ ಹೇಳಿದೆ. ಮನೆಯ ಆಂಟಿಗೆ ಸಾಕಾಗಿಹೋಯಿತು. "ನಿಮ್ಮ ಫ್ರೆಂಡು ನಿಜವಾಗ್ಲೂ ಬರ್ತಾರೇನಮ್ಮ?" ಅಂತ ಕೇಳಿದರು. ಗೊತ್ತಿಲ್ಲ ಆಂಟಿ ಅಂದೆ. ಕೈಸಾ ಅಷ್ಟರಲ್ಲಿ ತನ್ನ ಊರಿಗೆ ಹೊರಟುಹೋಗಿದ್ದಳು ಅಂತ ತಿಳಿದಿತ್ತು. ಆದರೂ ನಸೀಮಾಳನ್ನು ನಾನಾಗಿ ಕರೆಯಲಿಲ್ಲ. ಕರೆದರೆ ಅವಳು ಮತ್ತೆ "ಆಗಲಿ ಸುನೀ" ಅಂದುಬಿಟ್ಟಾಳು ಅನ್ನುವ ಹೆದರಿಕೆ.

ಆಗಸ್ಟಿನಲ್ಲಿ ಅವಳೇ ಫೋನು ಮಾಡಿದಳು. ಹ್ಯಾಮಿಲ್ಟನ್ನಿನಲ್ಲಿ ಕೆಲಸ ಸಿಕ್ಕಿದೆ, ಕೋಣೆ ಇನ್ನೂ ಇದೆಯೇ ಅಂತ. ಬಂದಳು. ಮೊದಮೊದಲು ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದರೆ ಒಡೆದೀತು ಅನ್ನುವಂತೆ ಓಡಾಡಿದೆವು.

ಒಂದು ದಿನ ನಾನು ಕೆಲಸದಿಂದ ಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ನಾನು ಹೀಟರು ಆರಿಸದೆ ಹೋಗಿದ್ದೆ, ಅದರ ಪಕ್ಕದಲ್ಲಿ ಒಣಹಾಕಿದ ಟವೆಲ್ಲು ಕಂದು ಬಣ್ಣಕ್ಕೆ ತಿರುಗಿತ್ತು.

"ಕಣ್ಣು ನೆತ್ತಿ ಮ್ಯಾಲೆ ಅದಾವೇನ ನಿನಗ?" ಅಂತ ಕೂಗಿದಳು. "ಮನಿ ಸುಟ್ಟಿದ್ರ ನಿಮ್ಮಪ್ಪ ಬಂದು ಕಟ್ಟಿಸಿಕೊಡತಿದ್ನೇನು?"

ನಾನು ಚೀಲ ಕೆಳಗಿಟ್ಟೆ. "ನಮ್ಮಪ್ಪನ ಸುದ್ದಿ ಬ್ಯಾಡ! ದಿನಾ ಬಾತ್‌ರೂಮಿನಾಗ ನಿನ್ನ ಕೂದಲಾ ಬಿಟ್ಟು ಹೋಗ್ತೀಯಲ್ಲ, ಅದನ್ನ ತಗ್ಯಾಕ ಯಾರು ಬರಬೇಕು?"

"ನನ್ನ ಕೂದಲಾನ? ನಿನ್ನ ಸೋಪಿನ ನೊರಿ ಗ್ವಾಡಿತನಕಾ ಇರತೈತಿ, ಅದು?"

ಇಬ್ಬರೂ ಬಾಗಿಲು ದಡಾರನೆ ಹಾಕಿಕೊಂಡೆವು. ರಾತ್ರಿ ಊಟಕ್ಕೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಮರುದಿನ ಮುಂಜಾನೆ ಅವಳು ನನ್ನ ಬಾಗಿಲು ಬಡಿದಳು.

"ಇನ್ನ ಮ್ಯಾಲೆ ಬಾತ್‌ರೂಮ್ ಒಂ ವಾರ ನೀನು, ಒಂ ವಾರ ನಾನು," ಅಂದಳು, ಮುಖ ಬಿಗಿದುಕೊಂಡೇ. "ಈ ವಾರ ನಿಂದು."

ಬ್ರಶ್ಶು ತಗೊಂಡು ಹೋಗಿ ತೊಳೆದೆ.